ಹೆಗಲು ಕೊಟ್ಟವರ ಭೂಮಿ

ಕಲಬುರಗಿ ಸೀಮೆಯ ಹಲವು ದೊಡ್ಡ ಜಾತ್ರೆಗಳು ಸಮಾಧಿಗಳ ಸುತ್ತಲೇ ಕೂಡುತ್ತವೆ. 1422ರಲ್ಲಿ ತೀರಿಕೊಂಡ ಖಾಜಾ ಬಂದೇನವಾಜರ ಗೋರಿಗೆ ಇಂದಿಗೂ ಗಂಧ, ಚಾದರ. 1822ರಲ್ಲಿ ಲಿಂಗೈಕ್ಯರಾದ ಶರಣಬಸವೇಶ್ವರರ ಗದ್ದುಗೆಯ ಮುಂದೆ ತೇರು. ವಾಡಿಯಿಂದ ರಾಯಚೂರಿನ ಕಡೆ ಹೊರಟ ಪ್ಯಾಸೆಂಜರ್ ಗಾಡಿಯಲ್ಲಿ ನಾಲವಾರಕ್ಕೆ ಇಳಿದರೆ ಕೋರಿಸಿದ್ಧೇಶ್ವರ ಮಠ. ಅಲ್ಲಿಯ ತನಾರತಿಯ ರಾತ್ರಿ ಸಾವಿರಾರು ಜನ ದೀಪ ಹಿಡಿದು ನಿಲ್ಲುವುದೂ ಒಂದು ಗದ್ದುಗೆಯ ಎದುರಿಗೇ. ಅದೇ ನಿಲ್ದಾಣದಿಂದ ಭೀಮಾ ನದಿಯ ಕಡೆ ಹೋದರೆ ಸನ್ನತಿ, ಕನಗನಹಳ್ಳಿ. ಅಶೋಕನ ಹೆಸರನ್ನೇ ಕೆತ್ತಿದ ಶಿಲ್ಪ ಹೊರಬಂದದ್ದು ಆ ಕನಗನಹಳ್ಳಿಯ ಸ್ತೂಪದಲ್ಲಿ. ಸ್ತೂಪದ ಮೂಲವೂ ಅಸ್ಥಿಯನ್ನು ಮಣ್ಣಿನಲ್ಲಿಟ್ಟು ಕಾಪಾಡುವ ಪದ್ಧತಿಯೇ. ಸತ್ತವರನ್ನು ಊರ ನಡುವೆ ಇರಿಸಿಕೊಂಡು ಎರಡು ಸಾವಿರ ವರ್ಷ ಬಾಳಿದ ಸೀಮೆ ಇದು.

ಆದರೆ ಸಂತರ ಮಾತು ಬೇರೆ, ಸಾಮಾನ್ಯರ ಮಾತು ಬೇರೆ. ಕೂಲಿಯವನೊಬ್ಬ ಸತ್ತಾಗ ಏಳುವ ಮೊದಲ ಪ್ರಶ್ನೆ ಎಲ್ಲಿ ಮಣ್ಣು ಮಾಡೋಣ ಎಂಬುದು. ಎರಡನೆಯದು, ಕುಣಿ ಯಾರು ತೋಡುತ್ತಾರೆ, ಹೆಣ ಯಾರು ಹೊರುತ್ತಾರೆ ಎಂಬುದು. ಚಿತ್ತಾಪುರ, ವಾಡಿ, ಶಹಾಬಾದ್ ಸುತ್ತಿನಲ್ಲಿ ಕುಣಿ ತೋಡುವುದೆಂದರೆ ಮೈ ಮುರಿಯುವ ಕೆಲಸ. ಮೇಲೆ ಎರೆಮಣ್ಣು, ಅದರ ಕೆಳಗೆ ಹಾಸು ಹಾಸಾಗಿ ಮಲಗಿದ ಸುಣ್ಣಕಲ್ಲು. ಮಳೆಗಾಲದಲ್ಲಿ ಎರೆ ಜಾರಿ ಕುಣಿಯೊಳಗೇ ಬೀಳುತ್ತದೆ, ತಳದಲ್ಲಿ ನೀರು ಒಸರುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಕಬ್ಬಿಣದಂತೆ ಗಟ್ಟಿ. ಸೊಂಟದ ಮಟ್ಟಕ್ಕೆ ಹೋಗುವಷ್ಟರಲ್ಲಿ ಸಲಿಕೆ ಬದಿಗಿಟ್ಟು ಹಾರೆ ಹಿಡಿಯಬೇಕು. ಆಮೇಲೆ ಮುಚ್ಚುವುದಕ್ಕೂ, ಗುರುತಿಗೂ ಅದೇ ನೆಲದ ಶಹಾಬಾದ್ ಫರಸಿ. ಲಿಂಗಾಯತರ ಕ್ರಿಯಾಸಮಾಧಿ, ಮುಸಲ್ಮಾನರ ಖಬರಸ್ತಾನ, ಕ್ರೈಸ್ತರ ಸಮಾಧಿ, ದಲಿತರ ಮಣ್ಣು, ಎಲ್ಲಕ್ಕೂ ಕಲ್ಲು ಒಂದೇ ಗಣಿಯದು. ಭೂಮಿ ಮಾತ್ರ ಒಬ್ಬೊಬ್ಬರಿಗೂ ಬೇರೆ, ಕೆಲವರಿಗಂತೂ ಇಲ್ಲವೇ ಇಲ್ಲ.

ಹೀಗೆ ಭೂಮಿ ಹುಡುಕಬೇಕಾದವರಲ್ಲಿ ಕ್ರೈಸ್ತರೂ ಸೇರಿದ್ದಾರೆ. ಅವರು ಈ ಭಾಗಕ್ಕೆ ಬಂದದ್ದು ಎರಡು ದಾರಿಯಿಂದ. ಒಂದು ರೈಲು. 1871ರಲ್ಲಿ ಮುಂಬಯಿ ಕಡೆಯ ಹಳಿ ಸೊಲ್ಲಾಪುರ, ವಾಡಿ, ನಾಲವಾರ ದಾಟಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿಗೆ ಹೊರಟಿತು. ಡ್ರೈವರು, ಗಾರ್ಡು, ಫಿಟರುಗಳ ಜೊತೆಗೆ ಅವರ ಪ್ರಾರ್ಥನೆಯೂ ಅವರ ಸಾವೂ ಬಂದವು. ಇನ್ನೊಂದು ಮಿಷನ್ನು. ಕಲಬುರಗಿ, ಬೀದರ್ ಕಡೆ ಮೆಥೋಡಿಸ್ಟರು ಊರಿದರು. ಸೇಡಂ, ಚಿಂಚೋಳಿಗಳ ಮೂಡಣ ಅಂಚು ದಾಟಿ ತೆಲುಗು ಸೀಮೆಗೆ ಕಾಲಿಟ್ಟರೆ, ಪಾಲಮೂರಿನಲ್ಲಿ ಅಮೆರಿಕದ ಬ್ಯಾಪ್ಟಿಸ್ಟರು. 19ನೆಯ ಶತಮಾನದ ಕೊನೆಗೆ ಅವರ ಸಭೆಗಳು ನಿಜಾಮರ ತೆಲುಗು ಜಿಲ್ಲೆಗಳಲ್ಲಿ ಬೇರೂರಿದ್ದವು. ಆ ಕೆಲಸದ ದೊಡ್ಡ ಘಳಿಗೆ ಅದಕ್ಕೂ ಮೊದಲೇ, ಆಂಧ್ರದ ಒಂಗೋಲಿನ ಸುತ್ತ ಬಂದಿತ್ತು. 1876ರಿಂದ 78ರವರೆಗಿನ ಬರ ಬಳ್ಳಾರಿಯನ್ನೂ ನಮ್ಮ ದಖ್ಖನ್ನಿನ ಎಷ್ಟೋ ಹಳ್ಳಿಗಳನ್ನೂ ಹಾಳುಗೆಡವಿತ್ತು. ಒಂಗೋಲಿನ ಮಿಷನರಿ ಜಾನ್ ಕ್ಲೋ ಬಕಿಂಗ್‌ಹ್ಯಾಮ್ ಕಾಲುವೆಯ ಅಗೆತದ ಗುತ್ತಿಗೆ ಹಿಡಿದು ಮಾದಿಗ ಕುಟುಂಬಗಳಿಗೆ ಕೂಲಿ ಕೊಡಿಸಿದರು. ಬರ ಮುಗಿದ ಮೇಲೆ, 1878ರ ಜುಲೈ 3ರಂದು, ಒಂದೇ ದಿನ 2,222 ಜನ ನದಿಯಲ್ಲಿ ಮುಳುಗಿ ದೀಕ್ಷಾಸ್ನಾನ ಪಡೆದರು.

ನದಿಯಲ್ಲಿ ಮುಳುಗಿದರು ಎಂಬುದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ, ಏಕೆಂದರೆ ಬ್ಯಾಪ್ಟಿಸ್ಟರ ಸ್ಮಶಾನಗಳ ಕಥೆಯೆಲ್ಲ ಅಲ್ಲಿಂದಲೇ ಹುಟ್ಟುತ್ತದೆ. ಈ ಪಂಥದವರು ಕೂಸಿನ ತಲೆಗೆ ನೀರು ಹನಿಸುವುದಿಲ್ಲ. ಬುದ್ಧಿ ಬಂದು, ನಂಬಿಕೆ ಹುಟ್ಟಿ, ತಾನೇ ಬಾಯಿ ಬಿಟ್ಟು ಕೇಳಿದವರಿಗೆ ಮಾತ್ರ ದೀಕ್ಷೆ, ಅದೂ ಪೂರ್ತಿ ಮುಳುಗಿಸಿ. ಇಂಗ್ಲೆಂಡಿನ ರಾಜಮಾನ್ಯ ಆಂಗ್ಲಿಕನ್ ಚರ್ಚಿಗೆ ಇದು ಸಹಿಸಲಾಗದ ಮಾತು. 1662ರ ಅದರ ಪ್ರಾರ್ಥನಾ ಪುಸ್ತಕದಲ್ಲಿ ಒಂದು ಕಟ್ಟಳೆ ಇತ್ತು: ದೀಕ್ಷಾಸ್ನಾನವಿಲ್ಲದೆ ಸತ್ತವರಿಗೆ, ಬಹಿಷ್ಕೃತರಿಗೆ, ಆತ್ಮಹತ್ಯೆ ಮಾಡಿಕೊಂಡವರಿಗೆ ಶವಸಂಸ್ಕಾರದ ಪ್ರಾರ್ಥನೆ ಓದಕೂಡದು. ಬ್ಯಾಪ್ಟಿಸ್ಟರ ಮನೆಯಲ್ಲಿ ಎರಡು ವರ್ಷದ ಮಗು ಜ್ವರ ಬಂದು ಸತ್ತರೆ ಅದು ಆತ್ಮಹತ್ಯೆ ಮಾಡಿಕೊಂಡವರ ಸಾಲಿಗೆ ಸೇರುತ್ತಿತ್ತು. ಊರಿಗೆ ಇದ್ದದ್ದು ಒಂದೇ ಚರ್ಚು, ಅದರ ಅಂಗಳವೇ ಊರ ಸ್ಮಶಾನ. ಅಲ್ಲಿ ಹೂಳುವ ಹಕ್ಕು ಎಲ್ಲರಿಗೂ ಇತ್ತು. ಆದರೆ ತಮ್ಮ ಪಾದ್ರಿಯ ಬಾಯಿಂದ ಒಂದು ಪ್ರಾರ್ಥನೆ ಹೇಳಿಸುವ ಹಕ್ಕು ಇರಲಿಲ್ಲ. ಮಾತಿಲ್ಲದೆ ಹೂತು ಬರಬೇಕು.

ಅದಕ್ಕೇ ಅವರು ತಮ್ಮದೇ ಭೂಮಿ ಕೊಂಡುಕೊಂಡರು. ಲಂಡನ್ನಿನ ಬನ್‌ಹಿಲ್ ಫೀಲ್ಡ್ಸ್ ಅಂಥ ಜಾಗ. 1665ರಿಂದ 1854ರವರೆಗೆ ಸುಮಾರು 1,23,000 ಜನರನ್ನು ಅಲ್ಲಿ ಹೂಳಲಾಗಿದೆ ಎಂಬ ಅಂದಾಜಿದೆ. ಬೋಧನೆ ಮಾಡಿದ್ದಕ್ಕೆ ಹನ್ನೆರಡು ವರ್ಷ ಸೆರೆ ಕಂಡ ಜಾನ್ ಬನ್ಯನ್ ಇರುವುದು ಅಲ್ಲಿ. ಡೇನಿಯಲ್ ಡಿಫೋ, ವಿಲಿಯಂ ಬ್ಲೇಕ್, ಗೀತಕಾರ ಐಸಾಕ್ ವಾಟ್ಸ್ ಕೂಡ ಅಲ್ಲಿಯೇ. ರಾಜನ ಚರ್ಚಿಗೆ ತಲೆಬಾಗದವರ ಊರದು. ವಾಟ್ಸ್‌ನ ಹೆಸರು ನೆನಪಿರಲಿ, ಅವನು ಬಂಗಾಳದ ಒಂದು ಗೋರಿಯ ಮೇಲೆ ಮತ್ತೆ ಬರುತ್ತಾನೆ.

ಬಂಗಾಳದ ಆ ಗೋರಿಗೂ ಕನ್ನಡಕ್ಕೂ ನೇರ ನಂಟಿದೆ. ಕೋಲ್ಕತ್ತದ ಉತ್ತರಕ್ಕೆ ಹೂಗ್ಲಿ ನದಿಯ ದಂಡೆಯ ಸೆರಾಂಪುರ ಆಗ ಡೇನರ ವಸಾಹತು. ಅಲ್ಲಿಯ ಬ್ಯಾಪ್ಟಿಸ್ಟ್ ಮಿಷನ್ನಿನ ಸ್ಮಶಾನದಲ್ಲಿ ಮಲಗಿರುವ ವಿಲಿಯಂ ಕೇರಿ 1817ರಲ್ಲಿ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದವನು. ಕನ್ನಡದ ಅಚ್ಚುಮೊಳೆಗಳನ್ನು ಬಳಸಿದ ಮೊದಲ ಪುಸ್ತಕ ಎಂದು ನಮ್ಮ ಮುದ್ರಣದ ಇತಿಹಾಸ ಬರೆಯುವವರು ಅದನ್ನೇ ಎತ್ತಿ ಹೇಳುತ್ತಾರೆ. ಕರ್ನಾಟಕಕ್ಕೆ ಎಂದೂ ಕಾಲಿಡದ ಮನುಷ್ಯ, ಇಂಗ್ಲೆಂಡಿನಲ್ಲಿ ಮೆಟ್ಟು ಹೊಲಿದು ಬದುಕಿದವನು. 1793ರ ನವೆಂಬರಿನಲ್ಲಿ ಹೆಂಡತಿ ಡಾರತಿ, ನಾಲ್ಕು ಮಕ್ಕಳೊಂದಿಗೆ ಕೋಲ್ಕತ್ತಕ್ಕೆ ಬಂದಿಳಿದ. ಈಸ್ಟ್ ಇಂಡಿಯಾ ಕಂಪನಿಗೆ ಮಿಷನರಿಗಳು ಬೇಡವಾಗಿದ್ದರು. ಹೊಟ್ಟೆಪಾಡಿಗೆ ಉತ್ತರ ಬಂಗಾಳದ ಮುದ್ನಾಬಾಟಿಯಲ್ಲಿ ನೀಲಿ ಕಾರ್ಖಾನೆಯ ಮೇಲ್ವಿಚಾರಕನಾದ.

1794ರಲ್ಲಿ ಅವನ ಐದು ವರ್ಷದ ಮಗ ಪೀಟರ್ ಆಮಶಂಕೆಯಿಂದ ತೀರಿಕೊಂಡ. ಆಗ ನಡೆದದ್ದನ್ನು ಕೇರಿ ಬರೆದಿಟ್ಟಿದ್ದಾನೆ. ಕಾರ್ಖಾನೆಯಲ್ಲಿ ದಿನವೂ ದುಡಿಯುವ ಬಡಗಿಗಳಿದ್ದರು, ಅವರಲ್ಲಿ ಒಬ್ಬನೂ ಪೆಟ್ಟಿಗೆ ಮಾಡಲು ಒಪ್ಪಲಿಲ್ಲ. ಹೆಣ ಮುಟ್ಟಿದರೆ ಜಾತಿ ಹೋಗುತ್ತದೆ. ಕುಣಿ ತೋಡುವವರೂ ಸಿಗಲಿಲ್ಲ. ಕೊನೆಗೆ ನಾಲ್ವರು ಮುಸಲ್ಮಾನರು ಬಂದರು, ಅದೂ ನಾಲ್ವರೂ ಒಟ್ಟಿಗೆ ತೋಡುವುದಾದರೆ ಮಾತ್ರ; ನಾಳೆ ಊರವರು ಕೇಳಿದರೆ ತಪ್ಪು ಒಬ್ಬನ ತಲೆಗೇ ಬರಬಾರದು ಎಂದು. ಹೊರುವವರನ್ನು ಹುಡುಕಿ ಆಳುಗಳು ಹರದಾರಿಗಟ್ಟಲೆ ಅಲೆದು ಬರಿಗೈಯಲ್ಲಿ ಬಂದರು. ತಂದೆ ಸ್ವತಃ ಜ್ವರದಿಂದ ಎದ್ದು ನಿಲ್ಲಲಾರದ ಸ್ಥಿತಿಯಲ್ಲಿದ್ದ. ಮಗನನ್ನು ನಾವಿಬ್ಬರೇ ಹೊತ್ತುಕೊಂಡು ಹೋಗೋಣ ಎಂದು ಗಂಡ ಹೆಂಡತಿ ಮಾತಾಡಿಕೊಂಡಿದ್ದಾಗ, ಜಾತಿಯ ಭಯ ಮೊದಲೇ ಕಳೆದುಕೊಂಡಿದ್ದ ಮನೆಯ ಕಸಗುಡಿಸುವ ಆಳು ಒಪ್ಪಿಕೊಂಡ. ಮರುದಿನ ಕುಣಿ ತೋಡಿದ ನಾಲ್ವರಿಗೂ ಊರಿನ ಮುಖ್ಯಸ್ಥ ಬಹಿಷ್ಕಾರ ಹಾಕಿದ. ಅವರ ಜೊತೆ ಉಣ್ಣುವಂತಿಲ್ಲ, ತಂಬಾಕು ಸೇದುವಂತಿಲ್ಲ. ಕೇರಿ ಆ ನಾಲ್ವರ ಪರವಾಗಿ ನಿಂತು ಬಹಿಷ್ಕಾರ ತೆಗೆಸಿದ.

ಇದನ್ನು ಓದಿದಾಗ ನನ್ನ ಮನಸ್ಸು ಹಿಡಿದು ನಿಲ್ಲಿಸುವುದು ಆ ನಾಲ್ವರು. ಅವರ ಹೆಸರು ಎಲ್ಲಿಯೂ ದಾಖಲಾಗಲಿಲ್ಲ. ಪರದೇಶದ ಒಂದು ಕೂಸಿಗಾಗಿ ಅವರು ತಮ್ಮ ಊಟದ ಪಂಕ್ತಿಯನ್ನೇ ಪಣಕ್ಕಿಟ್ಟರು. ಅವರನ್ನು ಬಹಿಷ್ಕರಿಸಿದವರೂ ಅವರದೇ ಧರ್ಮದವರು ಎಂಬುದನ್ನೂ ಗಮನಿಸಬೇಕು. ಹೆಣದ ಮೈಲಿಗೆ ಈ ನೆಲದಲ್ಲಿ ಒಂದೇ ಧರ್ಮದ ಸೊತ್ತಲ್ಲ.

1800ರಲ್ಲಿ ಕೇರಿ ಸೆರಾಂಪುರಕ್ಕೆ ಬಂದು ಜೋಶುವಾ ಮಾರ್ಷ್‌ಮನ್, ವಿಲಿಯಂ ವಾರ್ಡ್ ಅವರ ಜೊತೆ ಸೇರಿದ. ಮಾರ್ಷ್‌ಮನ್ ಶಾಲಾ ಮೇಷ್ಟ್ರು, ವಾರ್ಡ್ ಮುದ್ರಕ. ಡೇನರ ಗವರ್ನರ್ ಇವರಿಗೆ ಆಶ್ರಯ ಕೊಟ್ಟಿದ್ದ. ಆ ವರ್ಷದ ಡಿಸೆಂಬರ್ 28ರಂದು ಕೃಷ್ಣಪಾಲ್ ಎಂಬ ಬಡಗಿ ಹೂಗ್ಲಿಯಲ್ಲಿ ಮುಳುಗಿ ದೀಕ್ಷೆ ಪಡೆದ. ಅದಕ್ಕೂ ಕೆಲವು ದಿನ ಮೊದಲು ಅವನೂ ಅವನ ಗೆಳೆಯ ಗೋಕುಲನೂ ಮಿಷನರಿಗಳ ಮೇಜಿನಲ್ಲಿ ಕುಳಿತು ಉಂಡಿದ್ದರು. ಬಡಗಿ ಪೆಟ್ಟಿಗೆ ಮಾಡಲೊಪ್ಪದ ಮುದ್ನಾಬಾಟಿಯ ದಿನಕ್ಕೆ ಆಗ ಆರೇ ವರ್ಷ ತುಂಬಿತ್ತು. 1803ರ ಏಪ್ರಿಲಿನಲ್ಲಿ ಕೃಷ್ಣಪಾಲನ ಮಗಳನ್ನು ಕೃಷ್ಣಪ್ರಸಾದ ಎಂಬ ಬ್ರಾಹ್ಮಣ ಹುಡುಗ ಮದುವೆಯಾದ. ಆ ಮದುವೆಯ ಸುದ್ದಿ ಓದುವಾಗ ನಮ್ಮ ಕಲ್ಯಾಣದ ಹರಳಯ್ಯ, ಮಧುವರಸರು ನೆನಪಾಗದೆ ಇರುವುದಿಲ್ಲ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟದ್ದಕ್ಕೆ ಬೀಗರಿಬ್ಬರಿಗೂ ಎಳೆಹೂಟೆಯ ಶಿಕ್ಷೆಯಾಯಿತು, ಕಲ್ಯಾಣ ರಕ್ತದಲ್ಲಿ ಮಿಂದಿತು. ಸೆರಾಂಪುರದ ಮದುವೆ ಡೇನರ ಬಾವುಟದ ನೆರಳಲ್ಲಿ ನಡೆದುಹೋಯಿತು.

ಅದೇ 1803ರ ಅಕ್ಟೋಬರಿನಲ್ಲಿ ಗೋಕುಲ ಸತ್ತ. ಮಿಷನ್ನಿನವರು ಸ್ಮಶಾನಕ್ಕೆಂದು ಜಾಗ ಕೊಂಡು ಆಗಿನ್ನೂ ಹೆಚ್ಚು ದಿನವಾಗಿರಲಿಲ್ಲ. ಆ ಸಭೆಯಲ್ಲಿ ಸತ್ತ ಮೊದಲ ಬಂಗಾಳಿ ಕ್ರೈಸ್ತ ಅವನೇ. ಆ ಕಾಲದಲ್ಲಿ ಯುರೋಪಿಯನ್ನರ ಹೆಣ ಹೊರುತ್ತಿದ್ದವರು ಕೂಲಿಗೆ ಬರುವ ಬಡ ಪೋರ್ಚುಗೀಸರು. ಗೋಕುಲನಿಗೆ ಅವರನ್ನು ಕರೆಸಲಿಲ್ಲ. ಕೃಷ್ಣಪಾಲ್ ತನ್ನ ಖರ್ಚಿನಲ್ಲಿ ಗೆಳೆಯನ ಪೆಟ್ಟಿಗೆಗೆ ಬಿಳಿಯ ಮಸ್ಲಿನ್ ಹೊದಿಸಿದ. ದಾರಿಯ ಎರಡೂ ಬದಿಗೆ ಜನ ನೆರೆದರು. ಪೆಟ್ಟಿಗೆಗೆ ಹೆಗಲು ಕೊಟ್ಟವರು ನಾಲ್ವರು: ಇಂಗ್ಲಿಷ್ ಮೇಷ್ಟ್ರು ಮಾರ್ಷ್‌ಮನ್, ಕೇರಿಯ ಹಿರಿಯ ಮಗ ಫೆಲಿಕ್ಸ್, ದೀಕ್ಷೆ ಪಡೆದ ಬ್ರಾಹ್ಮಣ ಭೈರವ, ದೀಕ್ಷೆ ಪಡೆದ ಮುಸಲ್ಮಾನ ಪೀರು. ಕೃಷ್ಣಪಾಲ್ ಕಟ್ಟಿದ ಬಂಗಾಳಿ ಹಾಡನ್ನು ಹೇಳಿಕೊಳ್ಳುತ್ತ ಅವರು ಸ್ಮಶಾನದ ದಾರಿ ಹಿಡಿದರು.

ಒಬ್ಬ ಶೂದ್ರನ ಹೆಣವನ್ನು ಬ್ರಾಹ್ಮಣನಾಗಿ ಹುಟ್ಟಿದವನು, ಮುಸಲ್ಮಾನನಾಗಿ ಹುಟ್ಟಿದವನು, ಇಬ್ಬರು ಬಿಳಿಯರು ಹಾಡುಹಗಲು ಬೀದಿಯಲ್ಲಿ ಹೊತ್ತರು. ಸೆರಾಂಪುರದ ಮಿಷನ್ನು ನಲವತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಅಚ್ಚು ಹಾಕಿತು, ಕಾಲೇಜು ಕಟ್ಟಿತು, ಕಾಗದ ತಯಾರಿಸಿತು, ಪತ್ರಿಕೆ ನಡೆಸಿತು. ಅವೆಲ್ಲದರ ಬಗ್ಗೆ ದಪ್ಪ ದಪ್ಪ ಪುಸ್ತಕಗಳಿವೆ. ನನ್ನ ತೂಕಕ್ಕೆ ಆ ಒಂದು ಶವಯಾತ್ರೆ ಅವೆಲ್ಲಕ್ಕಿಂತ ಒಂದು ಗುಲಗಂಜಿ ಹೆಚ್ಚೇ ತೂಗುತ್ತದೆ. ಮತಾಂತರದ ಬಗ್ಗೆ ಯಾರಿಗೆ ಯಾವ ಅಭಿಪ್ರಾಯವೇ ಇರಲಿ, ಮಿಷನರಿಗಳ ಮಾತಿನಲ್ಲಿ ನಮ್ಮ ದೇವರುಗಳ ಬಗ್ಗೆ ಇದ್ದ ತಾತ್ಸಾರವನ್ನು ನಾವು ಒಪ್ಪದೇ ಇರಬಹುದು. ಆದರೂ ಆ ನಾಲ್ಕು ಹೆಗಲುಗಳ ಮಾತನ್ನು ತಳ್ಳಿಹಾಕಲು ಆಗುವುದಿಲ್ಲ.

ಸ್ಮಶಾನ ಬೇಗ ಬೇಗ ತುಂಬಿತು. ಬಂಗಾಳದ ಹವೆ ಯಾರನ್ನೂ ಬಿಡುತ್ತಿರಲಿಲ್ಲ. ಪೀಟರನ ಸಾವಿನ ನಂತರ ಬುದ್ಧಿಸ್ಥಿಮಿತ ಕಳೆದುಕೊಂಡು ಕೋಣೆಯೊಳಗೇ ವರ್ಷಗಟ್ಟಲೆ ಕಳೆದ ಡಾರತಿ 1807ರ ಡಿಸೆಂಬರಿನಲ್ಲಿ ತೀರಿಕೊಂಡಳು. ಗಂಡನ ಹುಮ್ಮಸ್ಸಿಗೆ ಆಕೆ ತೆತ್ತ ಬೆಲೆಯನ್ನು ಕೇರಿಯ ಜೀವನ ಬರೆದವರು ಬಹಳ ಕಾಲ ಎರಡು ಸಾಲಿನಲ್ಲಿ ಮುಗಿಸುತ್ತಿದ್ದರು. ಅದು ಸರಿಯಲ್ಲ. ಬರಲು ಒಲ್ಲೆನೆಂದವಳನ್ನು ಒಪ್ಪಿಸಿ ಕರೆತಂದದ್ದು, ಕೂಸಿನ ಕುಣಿಗೆ ಆಳು ಸಿಗದ ಊರಲ್ಲಿ ಇರಿಸಿದ್ದು, ಇದೆಲ್ಲ ಆ ಸ್ಮಶಾನದ ಇತಿಹಾಸವೇ. ಎರಡನೆಯ ಹೆಂಡತಿ, ಡೇನ್ ಮೂಲದ ಶಾರ್ಲಟ್ 1821ರಲ್ಲಿ. 1822 ಮತ್ತು 1823 ಕಠಿಣ ವರ್ಷಗಳು. 1822ರ ಆಗಸ್ಟಿನಲ್ಲಿ ಕೃಷ್ಣಪಾಲ್ ಕಾಲರಾಕ್ಕೆ ತುತ್ತಾದ, ನವೆಂಬರಿನಲ್ಲಿ ಫೆಲಿಕ್ಸ್ ಹೋದ, ಮುಂದಿನ ಮಾರ್ಚ್ 7ರಂದು ಕಾಲರಾದಿಂದಲೇ ವಾರ್ಡ್. ಕಲಬುರಗಿಯಲ್ಲಿ ಶರಣಬಸವೇಶ್ವರರು ದಾಸೋಹ ನಡೆಸಿ ಲಿಂಗೈಕ್ಯರಾದದ್ದು ಇದೇ 1822ರಲ್ಲಿ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ಈ ಕಥೆ ನಮ್ಮ ಕಾಲಮಾನಕ್ಕೆ ಹತ್ತಿರ ಬರುತ್ತದೆ.

ವಾರ್ಡ್‌ನ ಹೆಸರು ಬಂದಾಗ ಬೆಂಕಿಯ ಮಾತೂ ಬರಬೇಕು. 1812ರ ಮಾರ್ಚ್ 11ರ ಸಂಜೆ ಅವನು ಅಚ್ಚುಕೂಟದಲ್ಲಿ ಕೆಲಸ ಮಾಡುತ್ತಿದ್ದಾಗ ಕಾಗದದ ಉಗ್ರಾಣಕ್ಕೆ ಬೆಂಕಿ ಬಿತ್ತು. ಕಟ್ಟಡ ರಾತ್ರಿಯೆಲ್ಲ ಉರಿಯಿತು. ಸಂಸ್ಕೃತದ ಮಹಾ ನಿಘಂಟಿನ ಹಸ್ತಪ್ರತಿ, ತೆಲುಗು ವ್ಯಾಕರಣ, ರಾಮಾಯಣದ ಅನುವಾದ, ಜೊತೆಗೆ ಕನ್ನಡದ ಹೊಸ ಒಡಂಬಡಿಕೆಯ ಹಸ್ತಪ್ರತಿ ಪೂರ್ತಿ, ಎಲ್ಲ ಬೂದಿ. ಸೀಸದ ಅಕ್ಷರಗಳು ಕರಗಿ ಗಟ್ಟಿಯಾಗಿ ಬಿದ್ದಿದ್ದವು. ಉಳಿದದ್ದು ಅಚ್ಚುಯಂತ್ರಗಳು ಮತ್ತು ಉಕ್ಕಿನ ಪಡಿಯಚ್ಚುಗಳು. ಪಡಿಯಚ್ಚು ಕೆತ್ತುತ್ತಿದ್ದವರು ಪಂಚಾನನ ಕರ್ಮಕಾರ, ಅವನ ನಂತರ ಅವನ ಅಳಿಯ ಮನೋಹರ; ಅಕ್ಕಸಾಲೆಯ ಕೈಯಂಥ ಕೈ. ಕರಗಿದ ಸೀಸವನ್ನೇ ಬಳಿದು ಮತ್ತೆ ಅಕ್ಷರ ಎರಕ ಹೊಯ್ದರು. ಐದು ವರ್ಷದ ಮೇಲೆ ಕನ್ನಡ ವ್ಯಾಕರಣ ಹೊರಬಂತು. ಕನ್ನಡದ ಹೊಸ ಒಡಂಬಡಿಕೆಯನ್ನು ಮತ್ತೆ ಮೊದಲಿನಿಂದ ಬರೆದು 1820ರ ದಶಕದ ಆರಂಭದಲ್ಲಿ ಮುಗಿಸಿದರು. ಅಷ್ಟರಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಕನ್ನಡಿಗರ ನಡುವೆಯೇ ಕುಳಿತು ಬೈಬಲ್ ಅನುವಾದಿಸುತ್ತಿದ್ದ. ಊರವರ ಬಾಯಿಯ ಕನ್ನಡ ಅವನ ಕಿವಿಗೆ ಬೀಳುತ್ತಿತ್ತು, ಸೆರಾಂಪುರದವರಿಗೆ ಆ ಭಾಗ್ಯವಿರಲಿಲ್ಲ. ಉಳಿದದ್ದು ಹ್ಯಾಂಡ್ಸ್ ಕೆಲಸ. ಆದರೂ ಮೊದಲ ಮೊಳೆ ಎರಕ ಹೊಯ್ದದ್ದು ಹೂಗ್ಲಿಯ ದಂಡೆಯಲ್ಲಿ ಎಂಬುದನ್ನು ನಾವು ಮರೆಯಬಾರದು.

ಕೇರಿ 1834ರ ಜೂನ್ 9ರಂದು ತೀರಿಕೊಂಡ. ಮರುದಿನ ಮುಂಜಾನೆ ಮಳೆಯಲ್ಲೇ ಅವನನ್ನು ಒಯ್ದರು, ಡೇನರ ಬಾವುಟ ಅರ್ಧಕ್ಕೆ ಇಳಿದಿತ್ತು. ತನ್ನ ಸಮಾಧಿಯ ಬಗ್ಗೆ ಉಯಿಲಿನಲ್ಲಿ ಕಟ್ಟುನಿಟ್ಟಾಗಿ ಬರೆದಿದ್ದ: ಬೇರೆ ಕಲ್ಲು ಬೇಡ, ಶಾರ್ಲಟ್‌ಳ ಪಕ್ಕದಲ್ಲಿ ಹೂಳಿ, ಆಕೆಯ ಕಲ್ಲಿನಲ್ಲೇ ಎಲ್ಲಿ ಜಾಗವಿದೆಯೋ ಅಲ್ಲಿ ನನ್ನ ಹೆಸರು, ಹುಟ್ಟಿದ ಸತ್ತ ದಿನ, ವಾಟ್ಸ್‌ನ ಗೀತೆಯ ಎರಡು ಸಾಲು, ಅಷ್ಟೇ ಕೆತ್ತಿ. ತನ್ನನ್ನು ನಿರ್ಗತಿಕ ಹುಳುವಿಗೆ ಹೋಲಿಸಿಕೊಂಡು ದೇವರ ತೋಳಿಗೆ ಬೀಳುವ ಮಾತು ಅದು. ಲಂಡನ್ನಿನ ಬನ್‌ಹಿಲ್‌ನಲ್ಲಿ ಮಲಗಿದ ಗೀತಕಾರನ ಮಾತು ಹೀಗೆ ಹೂಗ್ಲಿ ದಂಡೆಯ ಗೋರಿಗೆ ಬಂತು. ಪ್ರೊಫೆಸರಿಕೆ, ಡಾಕ್ಟರೇಟು, ಸತಿ ನಿಷೇಧದ ಆಜ್ಞೆಯನ್ನು ಬಂಗಾಳಿಗೆ ಅನುವಾದಿಸಿದ್ದು, ಗಿಡಮರಗಳ ಶಾಸ್ತ್ರ, ಕನ್ನಡದಿಂದ ಹಿಡಿದು ಹತ್ತಾರು ಭಾಷೆಗಳ ದುಡಿಮೆ, ಯಾವುದಕ್ಕೂ ಕಲ್ಲಿನ ಮೇಲೆ ಜಾಗ ಕೊಡಲಿಲ್ಲ. ಮೂವರಲ್ಲಿ ಕೊನೆಯವನಾಗಿ ಮಾರ್ಷ್‌ಮನ್ 1837ರ ಡಿಸೆಂಬರಿನಲ್ಲಿ ಅಲ್ಲಿಗೇ ಬಂದ. ಮಂಟಪ ಕಟ್ಟಿದ ಅವರ ಸಮಾಧಿಗಳನ್ನು ನೋಡಲು ಜನ ಇಂದಿಗೂ ಹೋಗುತ್ತಾರೆ.

ಇತ್ತ ಇಂಗ್ಲೆಂಡಿನಲ್ಲಿ ಬ್ಯಾಪ್ಟಿಸ್ಟ್ ಕೂಸುಗಳ ಪಾಡು ಬದಲಾಗಿರಲಿಲ್ಲ. ಒಂಗೋಲಿನಲ್ಲಿ ಸಾವಿರಾರು ಜನ ದೀಕ್ಷೆ ಪಡೆದ ಅದೇ 1878ರ ಆಗಸ್ಟಿನಲ್ಲಿ, ಸಫಕ್ ಪ್ರಾಂತ್ಯದ ಅಕನಮ್ ಎಂಬ ಪುಟ್ಟ ಊರಿನಲ್ಲಿ ಜೋಸೆಫ್ ರಾಮ್ಸೆ ಎಂಬ ಎರಡು ವರ್ಷದ ಹುಡುಗ ಸತ್ತ. ತಂದೆ ಹೊಲದ ಕೂಲಿ, ಮನೆಯವರು ಬ್ಯಾಪ್ಟಿಸ್ಟರು. ಚರ್ಚಿನ ಅಂಗಳದಲ್ಲಿ ಪ್ರಾರ್ಥನೆ ನಿಷಿದ್ಧವಾದ್ದರಿಂದ, ಎದುರಿನ ಹುಲ್ಲುಗಾವಲಿನಲ್ಲಿ ಪೆಟ್ಟಿಗೆ ಇಳಿಸಿ ನಾಲ್ಕು ಮಾತು ಹೇಳಿ ಆಮೇಲೆ ಒಳಗೊಯ್ಯುವುದೆಂದು ನಿಶ್ಚಯಿಸಿದ್ದರು. ವಿಕಮ್ ಟೋಜರ್ ಎಂಬ ಬೋಧಕರು ಪ್ರಾರ್ಥನೆ ಆರಂಭಿಸಿದರು. ಆ ಚರ್ಚಿನ ಪಾದ್ರಿ ಜಾರ್ಜ್ ಡ್ರೂರಿ ಅಲ್ಲಿಗೇ ಬಂದು ತಡೆದ. ದೀಕ್ಷೆಯಿಲ್ಲದ ಮಗು ಕ್ರೈಸ್ತನೇ ಅಲ್ಲ ಎಂದ. ಹೆಣ ನಡುವೆ ಇಟ್ಟುಕೊಂಡು ಜಗಳವಾಯಿತು. ಡ್ರೂರಿ ಅಂಗಳದ ಗೇಟಿಗೆ ಬೀಗ ಜಡಿದು ಹೊರಟುಹೋದ. ಬಂದವರು ಬೇರೆ ದಾರಿಯಿಂದ ಮಗುವನ್ನು ಒಳಗೊಯ್ದು ಉತ್ತರ ದಿಕ್ಕಿನ ಮೂಲೆಯಲ್ಲಿ, ದೀಕ್ಷೆಯಿಲ್ಲದವರಿಗೆಂದು ಬಿಟ್ಟ ಕಡೆ, ಮಣ್ಣು ಮಾಡಿದರು.

ಪತ್ರಿಕೆಯೊಂದು ಇದನ್ನು ಬರೆಯಿತು. ಡ್ರೂರಿ ಅದರ ಸಂಪಾದಕನ ಮೇಲೆ ಮಾನನಷ್ಟದ ದಾವೆ ಹಾಕಿ ಗೆದ್ದ. ಪರಿಹಾರವೆಂದು ಕೋರ್ಟು ಕೊಟ್ಟದ್ದು 40 ಶಿಲ್ಲಿಂಗ್. ದೇಶ ಮಾತ್ರ ಸಂಪಾದಕನ ಕಡೆ ನಿಂತಿತು, ಅವನ ಕೋರ್ಟು ಖರ್ಚಿಗೆ ಜನ ಚಂದಾ ಎತ್ತಿದರು. ಎರಡು ವರ್ಷದೊಳಗೆ, 1880ರಲ್ಲಿ, ಶವಸಂಸ್ಕಾರದ ಕಾನೂನು ತಿದ್ದುಪಡಿಯಾಯಿತು. ಆ ಕಾನೂನು ಬಹಳ ಸರಳ. 48 ಗಂಟೆ ಮೊದಲು ಪಾದ್ರಿಗೆ ಬರಹದಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ ಊರ ಚರ್ಚಿನಂಗಳದಲ್ಲಿ ತಮ್ಮ ಪದ್ಧತಿಯಂತೆ, ತಮ್ಮ ಬೋಧಕರನ್ನು ಕರೆದು, ಅಥವಾ ಯಾವ ಪ್ರಾರ್ಥನೆಯೂ ಇಲ್ಲದೆ ಹೂಳಬಹುದು. ಪಾದ್ರಿ ಒಪ್ಪಬೇಕಾಗಿಲ್ಲ, ತಿಳಿದಿದ್ದರೆ ಸಾಕು. ಇನ್ನೂರು ವರ್ಷದ ಕಟ್ಟಳೆಯನ್ನು ಒಬ್ಬ ಕೂಲಿಯವನ ಮಗನ ಕುಣಿ ಅಲುಗಿಸಿತು.

ನಮ್ಮಲ್ಲಿ ಅಂಥ ಸರಳ ಕಾನೂನು ಇನ್ನೂ ಬಂದಿಲ್ಲ. 2025ರ ಜನವರಿ 7ರಂದು ಛತ್ತೀಸಗಢದ ಬಸ್ತರ್ ಜಿಲ್ಲೆಯ ಹಳ್ಳಿಯೊಂದರ ವೃದ್ಧ ಪಾದ್ರಿಯೊಬ್ಬರು ತೀರಿಕೊಂಡರು. ಅವರ ಹಿರಿಯರನ್ನು ಅದೇ ಊರಿನಲ್ಲೇ ಹೂತಿದ್ದರು. ಈ ಬಾರಿ ಊರವರು ಬಿಡಲಿಲ್ಲ; ಸ್ವಂತ ಹೊಲದಲ್ಲೂ ಬೇಡವೆಂದರು. ಹೆಣ ಶವಾಗಾರದಲ್ಲಿ ಉಳಿಯಿತು. ಮಗ ಹೈಕೋರ್ಟಿಗೆ ಹೋದ, ಅಲ್ಲಿ ಸಿಗದೆ ಸುಪ್ರೀಂ ಕೋರ್ಟಿಗೆ ಹೋದ. ಜನವರಿ 27ರಂದು ಇಬ್ಬರು ನ್ಯಾಯಮೂರ್ತಿಗಳು ಬೇರೆ ಬೇರೆ ತೀರ್ಪು ಕೊಟ್ಟರು. ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು, ಮನೆತನದ ಹೊಲದಲ್ಲಿ ಹೂಳಲಿ, ಪೊಲೀಸರು ರಕ್ಷಣೆ ಕೊಡಲಿ ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಅವರು, ಸುಮಾರು ಇಪ್ಪತ್ತು ಕಿಲೋಮೀಟರ್ ದೂರದ ಕರ್ಕಾಪಾಲದಲ್ಲಿ ಕ್ರೈಸ್ತರಿಗೆಂದು ಗುರುತಿಸಿದ ಜಾಗದಲ್ಲೇ ಆಗಬೇಕು ಎಂದರು. ಮೂರನೆಯ ನ್ಯಾಯಮೂರ್ತಿಗೆ ಒಪ್ಪಿಸಿದರೆ ಹೆಣ ಇನ್ನೆಷ್ಟು ದಿನ ಕಾಯಬೇಕೋ. ಆದ್ದರಿಂದ ಸಂವಿಧಾನದ 142ನೆಯ ವಿಧಿಯ ಅಧಿಕಾರ ಬಳಸಿ ಕರ್ಕಾಪಾಲಕ್ಕೇ ಒಯ್ಯಲು ಇಬ್ಬರೂ ಸೇರಿ ಆದೇಶಿಸಿದರು. ಸತ್ತು ಇಪ್ಪತ್ತು ದಿನವಾಗಿತ್ತು.

ಕರ್ನಾಟಕದ ಸಂಕಟ ಒಂದೇ ಧರ್ಮಕ್ಕೆ ಸೀಮಿತವಲ್ಲ. 2019ರಲ್ಲಿ ನಮ್ಮ ಹೈಕೋರ್ಟು, ಸ್ಮಶಾನವಿಲ್ಲದ ಹಳ್ಳಿಗಳಿಗೆ ಆರು ವಾರದೊಳಗೆ ಭೂಮಿ ಒದಗಿಸಬೇಕೆಂದು ಸರ್ಕಾರಕ್ಕೆ ಹೇಳಿತು. ಗಡುವು ಮೀರಿತು, ನ್ಯಾಯಾಂಗ ನಿಂದನೆಯ ಅರ್ಜಿ ಬಂತು, ವರ್ಷಗಳ ವಿಚಾರಣೆ ನಡೆಯಿತು. ಕಾಗದದ ಮೇಲೆ ಜಾಗ ತೋರಿಸುವುದು ಕಷ್ಟವಲ್ಲ. ಪಹಣಿಯಲ್ಲಿ ಸ್ಮಶಾನವೆಂದು ಬರೆದ ಸರ್ವೆ ನಂಬರಿಗೆ ಹೋಗಲು ದಾರಿ ಇರುತ್ತದೆಯೇ, ಮಳೆಗಾಲದಲ್ಲಿ ಹಳ್ಳ ದಾಟಲು ಆಗುತ್ತದೆಯೇ, ಪಕ್ಕದ ಹೊಲದವನು ಬೇಲಿಯನ್ನು ಎಷ್ಟು ಒಳಗೆ ತಂದಿದ್ದಾನೆ, ದಲಿತರ ಹೆಣ ಮೇಲ್ಜಾತಿಯವರ ಓಣಿಯಲ್ಲಿ ಹೋಗಲು ಬಿಡುತ್ತಾರೆಯೇ, ಇವನ್ನು ಯಾವ ಪಹಣಿಯೂ ಹೇಳುವುದಿಲ್ಲ. ಚಿತ್ತಾಪುರ, ಸೇಡಂ, ಚಿಂಚೋಳಿಯ ತಹಶೀಲ್ದಾರರು ಗ್ರಾಮ ಆಡಳಿತಾಧಿಕಾರಿಗಳನ್ನು ಕರೆದುಕೊಂಡು ಪ್ರತಿ ಸ್ಮಶಾನಕ್ಕೂ ಒಮ್ಮೆ ನಡೆದೇ ಹೋಗಿ ಬಂದರೆ ಅರ್ಧ ಸತ್ಯ ಹೊರಬೀಳುತ್ತದೆ.

ಇನ್ನೊಂದು ಕೆಲಸವನ್ನು ಸರ್ಕಾರಕ್ಕೆ ಕಾಯದೆ ನಾವೇ ಮಾಡಬಹುದು. ಭಾರತದಲ್ಲಿ ಸತ್ತ ಯುರೋಪಿಯನ್ನರ ಗೋರಿಗಳನ್ನು ದಾಖಲಿಸಲು 1976ರಲ್ಲಿ ಲಂಡನ್ನಿನಲ್ಲಿ ಒಂದು ಸಂಘವೇ ಹುಟ್ಟಿ, ಊರೂರಿನ ಸಮಾಧಿಕಲ್ಲುಗಳ ಬರಹವನ್ನು ನಕಲು ಮಾಡಿ ಪುಸ್ತಕ ತಂದಿತು. ಕನ್ನಡ, ತೆಲುಗು, ಉರ್ದು ಹೆಸರಿನವರ ಕಲ್ಲುಗಳಿಗೆ ಅಂಥ ಸಂಘವಿಲ್ಲ. ರೈಲ್ವೆ ಕಾಲೊನಿಯಲ್ಲಿ ಸತ್ತ ಫಿಟರನ ಹೆಸರು, ಗಣಿಯಲ್ಲಿ ಕಲ್ಲು ಬಿದ್ದು ಸತ್ತವನ ಹೆಸರು, ಹಳ್ಳಿಯ ಮೆಥೋಡಿಸ್ಟ್ ಶಾಲೆಯ ಅಕ್ಕೋರ ಹೆಸರು, ಎಲ್ಲ ಶಹಾಬಾದ್ ಫರಸಿಯ ಮೇಲೆ. ಆ ಕಲ್ಲು ಪದರ ಪದರವಾಗಿ ಹುಟ್ಟಿದ್ದು. ಅದೇ ಗುಣದಿಂದ ಅದು ನೆಲಕ್ಕೆ ಹಾಸಲು ಚೆಂದ, ಅದೇ ಗುಣದಿಂದ ಬಿಸಿಲು ಮಳೆಗೆ ಮೇಲಿನ ಪದರ ಎದ್ದು ಹೋಗುತ್ತದೆ. ಅದರೊಂದಿಗೆ ಅಕ್ಷರವೂ. ಪಾದ್ರಿಗಳ ಬಳಿಯ ಸಮಾಧಿ ರಿಜಿಸ್ಟರು, ಖಬರಸ್ತಾನ ಕಮಿಟಿಯ ವಹಿ, ಕಲ್ಲಿನ ಮೇಲಿನ ಹೆಸರು, ಇವನ್ನು ತಾಳೆ ನೋಡಿ ಬರೆದಿಡುವುದು ನಮ್ಮ ಡಿಗ್ರಿ ಕಾಲೇಜುಗಳ ಇತಿಹಾಸದ ವಿದ್ಯಾರ್ಥಿಗಳಿಗೆ ಒಂದು ಬೇಸಿಗೆಯ ಕೆಲಸ. ಆ ವಹಿಯಲ್ಲಿ ಹೆಸರು, ಊರು, ತಾರೀಖಿನ ಪಕ್ಕದಲ್ಲಿ ಇನ್ನೊಂದು ಕಾಲಂ ಹಾಕಬೇಕೆಂದು ಅವರಲ್ಲಿ ಕೇಳಿಕೊಳ್ಳುತ್ತೇನೆ. ಮನೆಯ ಹಿರಿಯರನ್ನು ವಿಚಾರಿಸಿ, ಕುಣಿ ತೋಡಿದವರು ಯಾರು, ಹೆಣ ಹೊತ್ತವರು ಯಾರು ಎಂದೂ ಬರೆದುಕೊಳ್ಳಲಿ. ಭೈರವ, ಪೀರು ಎಂಬ ಹೆಸರುಗಳು ನಮಗೆ ಸಿಕ್ಕಿರುವುದು ಸೆರಾಂಪುರದಲ್ಲಿ ಅಂದು ಯಾರೋ ಅದನ್ನು ಬರೆದಿಟ್ಟದ್ದರಿಂದ. ಮುದ್ನಾಬಾಟಿಯ ನಾಲ್ವರ ಹೆಸರನ್ನು ಯಾರೂ ಬರೆಯಲಿಲ್ಲ.